ಕ್ಯೋಟೋದಲ್ಲಿ ಕೆಂಪೆಲೆ: ಯಾವ ಜಾಗ, ಯಾವ ಹೊತ್ತು, ಎಂಥ ಫೋಟೋ

ನವೆಂಬರ್‌ನಲ್ಲಿ ಜಪಾನಿನ ಕ್ಯೋಟೋಗೆ ಹೊರಟವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಎಲೆ ನೋಡೋಕೆ ಎಲ್ಲಕ್ಕಿಂತ ಚೆಂದದ ಜಾಗ ಯಾವುದು? ಒಬ್ಬರು ತೋಫುಕುಜಿ ಅಂತಾರೆ, ಇನ್ನೊಬ್ಬರು ಎಯ್ಕಾನ್‌ದೋ ಅಂತಾರೆ, ಮತ್ತೊಬ್ಬರು ಅರಾಶಿಯಾಮಾ ಅಂತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಆ ಹೆಸರುಗಳ ಪಟ್ಟಿ ಹಿಡಿದುಕೊಂಡು ಹೋದವರಲ್ಲಿ ಎಷ್ಟೋ ಜನ ಬೆಳಿಗ್ಗೆ ಹನ್ನೊಂದು ಗಂಟೆಗೆ ಗೇಟಿನ ಮುಂದೆ ಉದ್ದನೆಯ ಸಾಲಿನಲ್ಲಿ ನಿಲ್ಲುತ್ತಾರೆ. ಒಳಗೆ ಹೋಗಿ ಮುಂದಿನವರ ತಲೆ ಮೇಲಿಂದ ಮೊಬೈಲ್ ಎತ್ತಿ ನಾಲ್ಕು ಫೋಟೋ ತೆಗೆದು, ಮುಂದಿನ ಜಾಗಕ್ಕೆ ಬಸ್ ಹಿಡಿಯಲು ಓಡುತ್ತಾರೆ. ಅಷ್ಟು ದೂರ ಹೋಗಿ ಹೀಗಾದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕ್ಯೋಟೋದಲ್ಲಿ ಸುಮಾರು 1600 ಬೌದ್ಧ ದೇವಾಲಯಗಳಿವೆ. ಎಲೆ ಚೆನ್ನಾಗಿರುವ ಜಾಗಕ್ಕೆ ಅಲ್ಲಿ ಬರವಿಲ್ಲ. ಹಾಗಾಗಿ ನಾನು ಜಾಗದ ಹೆಸರಿನಿಂದ ಶುರು ಮಾಡುವುದಿಲ್ಲ. ಮೊದಲು ತಾರೀಖು ನೋಡುತ್ತೇನೆ, ಆಮೇಲೆ ಬೆಳಕಿನ ಹೊತ್ತು, ಕೊನೆಗೆ ಹೆಸರು. ಒಂದೇ ದೇವಾಲಯ ಬೆಳಿಗ್ಗೆ ಎಂಟೂವರೆಗೆ ಒಂದು ಥರ, ಮಧ್ಯಾಹ್ನ ಎರಡಕ್ಕೆ ಇನ್ನೊಂದು ಥರ. ಕೆಳಗಿನ ಹೋಲಿಕೆಯನ್ನೆಲ್ಲ ಇದೇ ಲೆಕ್ಕದಲ್ಲಿ ಮಾಡಿದ್ದೇನೆ.

ಮೊದಲು ತಾರೀಖು

ನಮ್ಮ ಕಡೆ ಎಲೆ ಕೆಂಪಾಗುವುದು ಚಿಗುರುವಾಗ. ಮಾವಿನ ಚಿಗುರು ನೆನಪಿಸಿಕೊಳ್ಳಿ. ಆ ಕೆಂಪಿಗೆ ಕಾರಣ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು. ಜಪಾನಿನ ಮೇಪಲ್ ಮರ, ಅಂದರೆ ಮೊಮಿಜಿ, ಅದೇ ಬಗೆಯ ಬಣ್ಣವನ್ನು ಎಲೆ ಉದುರುವ ಮುಂಚೆ ತಯಾರಿಸುತ್ತದೆ. ಹಗಲು ಚಿಕ್ಕದಾಗಿ ರಾತ್ರಿ ತಣ್ಣಗಾದಂತೆ ಎಲೆಯ ಹಸಿರು ಒಡೆಯುತ್ತದೆ. ಎಲೆಯ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ದಾರಿ ಮುಚ್ಚುತ್ತದೆ. ಒಳಗೆ ಉಳಿದ ಸಕ್ಕರೆಯಿಂದ ಕೆಂಪು ಹುಟ್ಟುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಒಳ್ಳೆ ಚಳಿ, ಎರಡೂ ಇದ್ದರೆ ಬಣ್ಣ ಗಾಢ. ಗಿಂಕ್ಗೋ ಮರದ ಕಥೆ ಬೇರೆ. ಅದರ ಹಳದಿ ಮೊದಲಿನಿಂದಲೂ ಎಲೆಯೊಳಗೇ ಇರುತ್ತದೆ, ಹಸಿರು ಹೋದಾಗ ಕಣ್ಣಿಗೆ ಬೀಳುತ್ತದೆ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಚಳಿ ಮೊದಲು ಎಲ್ಲಿಗೆ ಬರುತ್ತದೋ ಅಲ್ಲಿ ಬಣ್ಣವೂ ಮೊದಲು. ಕ್ಯೋಟೋ ಮೂರು ಕಡೆ ಬೆಟ್ಟ ಸುತ್ತುವರಿದ ಊರು. ವಾಯವ್ಯದ ತಕಾವೋ ಬೆಟ್ಟದ ಕಡೆ ನವೆಂಬರ್ ಮೊದಲ ಭಾಗದಲ್ಲೇ ಕೆಂಪು ಶುರು. ಉತ್ತರದ ಓಹಾರಾ ಹಳ್ಳಿಯಲ್ಲಿ ನವೆಂಬರ್ ಮಧ್ಯಕ್ಕೆ ಬಣ್ಣ ಚೆನ್ನಾಗಿ ಬಂದಿರುತ್ತದೆ. ಊರೊಳಗಿನ ದೇವಾಲಯಗಳಿಗೆ ನವೆಂಬರ್ ಕೊನೆಯ ಹತ್ತು ದಿನ ಒಳ್ಳೆಯದು. ಶಿಮೊಗಾಮೊ ದೇವಸ್ಥಾನದ ತಾದಾಸು ನೊ ಮೊರಿ ಎಂಬ ಹಳೆಯ ಕಾಡು ಎಲ್ಲಕ್ಕಿಂತ ತಡ, ಡಿಸೆಂಬರ್ ಮೊದಲ ವಾರದಲ್ಲೂ ಅಲ್ಲಿ ಬಣ್ಣ ಇರುತ್ತದೆ.

ಈಚಿನ ವರ್ಷಗಳಲ್ಲಿ ಬೇಸಿಗೆ ಜಾಸ್ತಿಯಾಗಿ ಇದೆಲ್ಲ ತಡವಾಗುತ್ತಿದೆ. 2023 ಮತ್ತು 2024ರ ಬೇಸಿಗೆಗಳು ಜಪಾನಿನಲ್ಲಿ ಅಲ್ಲಿಯವರೆಗಿನ ದಾಖಲೆಯ ಬಿಸಿ. ಆದ್ದರಿಂದ ಈಗ ಟಿಕೆಟ್ ಮಾಡುವವರಿಗೆ ನನ್ನ ಮಾತು ಇಷ್ಟು: ನವೆಂಬರ್ 22ರಿಂದ ಡಿಸೆಂಬರ್ 3ರ ನಡುವೆ ಹೋಗಿ. ನವೆಂಬರ್ 23 ಅಲ್ಲಿ ಸರ್ಕಾರಿ ರಜೆ. ಅದು ವಾರಾಂತ್ಯದ ಪಕ್ಕ ಬಿದ್ದರೆ ಜಪಾನಿನ ಜನವೇ ಕ್ಯೋಟೋಗೆ ಬರುತ್ತಾರೆ. ಆ ದಿನಗಳನ್ನು ತಪ್ಪಿಸಿ ವಾರದ ನಡುವಿನ ದಿನ ಹಿಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ರಜೆ ಸಿಗುವುದೇ ನವೆಂಬರ್ ಮೊದಲ ವಾರ ಅನ್ನುವವರು ತಕಾವೋ ಇಟ್ಟುಕೊಳ್ಳಿ. ಕ್ಯೋಟೋ ಸ್ಟೇಷನ್‌ನಿಂದ ಜೆಆರ್ (ಜಪಾನ್ ರೈಲ್ವೆ) ಬಸ್ಸಿನಲ್ಲಿ ಸುಮಾರು 50 ನಿಮಿಷ. ಅಲ್ಲಿನ ಜಿಂಗೋಜಿ ದೇವಾಲಯಕ್ಕೆ ಸುಮಾರು 400 ಮೆಟ್ಟಿಲು ಹತ್ತಬೇಕು. ಮೇಲೆ ಹೋದರೆ ಕಣಿವೆಯ ಅಂಚಿನಲ್ಲಿ ಚಿಕ್ಕ ಮಣ್ಣಿನ ಬಿಲ್ಲೆಗಳನ್ನು ಮಾರುತ್ತಾರೆ. ಕೆಟ್ಟದ್ದು ತೊಲಗಲಿ ಎಂದು ಅವನ್ನು ಕಣಿವೆಗೆ ಬೀಸಿ ಎಸೆಯುವುದು ಹಳೆಯ ಪದ್ಧತಿ. ಕೆಂಪು ಕಣಿವೆಯ ಮೇಲೆ ಬಿಲ್ಲೆ ತೇಲಿ ಹೋಗುವುದನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಹತ್ತಿರದಲ್ಲೇ ಕೋಝಾನ್‌ಜಿ ಇದೆ, ಜಪಾನಿನ ಹಳೆಯ ಚಹಾ ತೋಟ ಇರುವ ದೇವಾಲಯ. ಮಂಡಿನೋವು ಇರುವವರಿಗೆ ಮಾತ್ರ ತಕಾವೋ ಬೇಡ.

ತೋಫುಕುಜಿಯೋ, ಎಯ್ಕಾನ್‌ದೋನೋ?

ಒಂದೇ ಒಂದು ದೊಡ್ಡ ದೇವಾಲಯಕ್ಕೆ ಸಮಯವಿದೆ ಅನ್ನುವವರ ಮುಂದೆ ಕೊನೆಗೆ ಉಳಿಯುವುದು ಈ ಎರಡು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತೋಫುಕುಜಿ 1236ರಲ್ಲಿ ಕಟ್ಟಲು ಶುರು ಮಾಡಿದ ಝೆನ್ ದೇವಾಲಯ. ಮಧ್ಯದಲ್ಲಿ ಒಂದು ಕಿರುಕಣಿವೆ, ಅದರ ತುಂಬ ಸುಮಾರು 2000 ಮೇಪಲ್ ಮರ, ಅದರ ಮೇಲೆ ತ್ಸೂತೆನ್‌ಕ್ಯೋ ಎಂಬ ಚಾವಣಿ ಇರುವ ಮರದ ಸೇತುವೆ. ಸೇತುವೆ ಮೇಲೆ ನಿಂತರೆ ಮರಗಳ ನೆತ್ತಿ ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಕೆಂಪು, ಕಿತ್ತಳೆ, ಇನ್ನೂ ಹಸಿರಿರುವ ಕೆಲವು, ಎಲ್ಲ ಸೇರಿ ಕಾಲ ಕೆಳಗೆ ಹರಡಿರುತ್ತವೆ. ಎಲೆಯನ್ನು ಹೀಗೆ ಮೇಲಿನಿಂದ ನೋಡುವ ಅವಕಾಶ ಊರಿನ ಬೇರೆ ಕಡೆ ಕಡಿಮೆ. ಮೂರು ಸೀಳಿನ ಎಲೆಯ, ಬಂಗಾರದ ಬಣ್ಣಕ್ಕೆ ತಿರುಗುವ ಮೇಪಲ್ ಕೂಡ ಇಲ್ಲಿದೆ. ದೇವಾಲಯದ ಮೊದಲ ಗುರು ಎನ್ನಿ ಅದನ್ನು ಚೀನಾದಿಂದ ತಂದರು ಅನ್ನುವುದು ಪ್ರತೀತಿ. ಇನ್ನೊಂದು ಕಥೆ ನನಗೆ ಇನ್ನೂ ಇಷ್ಟ. ಇಲ್ಲಿ ಚಿತ್ರಕಾರನಾಗಿದ್ದ ಮಿಂಚೋ ಎಂಬ ಸನ್ಯಾಸಿಗೆ ಶೋಗನ್, ಅಂದರೆ ಆಗಿನ ಸೇನಾಧಿಪತಿ ಆಳರಸ, ಏನು ಬೇಕು ಕೇಳು ಎಂದನಂತೆ. ಚೆರ್ರಿ ಮರಗಳಿದ್ದರೆ ಮುಂದೆ ಇದು ಮೋಜಿನ ಜಾಗವಾಗುತ್ತದೆ, ಅವನ್ನು ತೆಗೆಸಿಬಿಡಿ ಎಂದು ಮಿಂಚೋ ಬೇಡಿಕೊಂಡನಂತೆ. ಹೂವಿನ ಜನಜಂಗುಳಿ ತಪ್ಪಿಸಿದ ಆ ಅಂಗಳಕ್ಕೆ ಈಗ ಎಲೆಗಾಗಿ ಜನ ಬರುತ್ತಾರೆ.

ಫೋಟೋ ಬೇಕೆನ್ನುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಎಲೆ ಜೋರಾಗಿರುವ ದಿನಗಳಲ್ಲಿ ತ್ಸೂತೆನ್‌ಕ್ಯೋ ಸೇತುವೆ ಮೇಲೆ ಫೋಟೋ ತೆಗೆಯುವಂತಿಲ್ಲ. ಅದನ್ನು ದೂರದಿಂದ ತೆಗೆಯಲು ಅನುಕೂಲವಾದ ಗಾಉನ್‌ಕ್ಯೋ ಸೇತುವೆ ಮೇಲೂ ಇಲ್ಲ. 2016ರಿಂದ ಈ ನಿಯಮ ಬಂತು. ಜನ ಫೋಟೋಗೆ ನಿಂತು ನೂಕುನುಗ್ಗಲಾಗಿ ಅಪಾಯವಾಗುತ್ತಿದ್ದದ್ದೇ ಕಾರಣ. ಸಿಬ್ಬಂದಿ ನಿಂತು ಮುಂದೆ ಸಾಗಿ ಎನ್ನುತ್ತಿರುತ್ತಾರೆ. ನನಗೆ ಈ ನಿಯಮ ತುಂಬ ಸರಿ ಅನ್ನಿಸುತ್ತದೆ. ಸೇತುವೆ ಮೇಲಿನ ಆ ಎರಡು ನಿಮಿಷ ಕಣ್ಣಿಗೆ ಬಿಡಿ. ಕ್ಯಾಮೆರಾ ಕೆಲಸ ಕಣಿವೆಗೆ ಇಳಿದ ಮೇಲೆ. ಕೆಳಗಿನ ಕಾಲುದಾರಿಯಲ್ಲಿ ತಲೆ ಎತ್ತಿದರೆ ಸೂರ್ಯ ಎಲೆಯ ಹಿಂದೆ, ಸೇತುವೆಯ ಕಪ್ಪು ಮರ ಅದಕ್ಕೆ ಹಿನ್ನೆಲೆ. ನನ್ನ ಪ್ರಕಾರ ಇಲ್ಲಿನ ಒಳ್ಳೆಯ ಫೋಟೋ ಇದೇ.

ಎಯ್ಕಾನ್‌ದೋ ಇದಕ್ಕೆ ಉಲ್ಟಾ. ಇದು 853ರಲ್ಲಿ ಶುರುವಾದ ಜಾಗ, ಊರಿನ ಪೂರ್ವದ ಹಿಗಾಶಿಯಾಮಾ ಬೆಟ್ಟದ ಬುಡದಲ್ಲಿದೆ. ಮೇಪಲ್ ಮರ ಸುಮಾರು 3000. ಇಲ್ಲಿ ಎಲೆ ನಿಮ್ಮ ಕೆಳಗಿರುವುದಿಲ್ಲ. ತಲೆ ಮೇಲೆ, ಪಕ್ಕದಲ್ಲಿ, ಕೊಳದ ನೀರಿನಲ್ಲಿ, ಕಾಲಡಿಯ ಪಾಚಿಯ ಮೇಲೆ, ಹೀಗೆ ಎಲ್ಲ ಕಡೆ ಸುತ್ತುವರಿಯುತ್ತದೆ. ಬೆಟ್ಟದ ಮೇಲೆ ತಾಹೋತೋ ಎಂಬ ಗೋಪುರ ಎಲೆಗಳ ನಡುವಿನಿಂದ ತಲೆ ಹಾಕುತ್ತದೆ. ಅಲ್ಲಿಗೆ ಹತ್ತಿದರೆ ಊರು ಕಾಣುತ್ತದೆ. ಒಳಗೆ ಕತ್ತು ಹಿಂದಕ್ಕೆ ತಿರುಗಿಸಿ ನೋಡುತ್ತಿರುವ ಅಮಿದ ಬುದ್ಧನ ಮೂರ್ತಿ ಇದೆ. 1082ರಲ್ಲಿ ಎಯ್ಕಾನ್ ಎಂಬ ಭಿಕ್ಷು ಜಪ ಮಾಡುತ್ತ ಪ್ರದಕ್ಷಿಣೆ ಹಾಕುತ್ತಿದ್ದಾಗ ಬುದ್ಧನೇ ಪೀಠದಿಂದ ಇಳಿದು ಮುಂದೆ ನಡೆದನಂತೆ. ಬೆರಗಾಗಿ ನಿಂತುಬಿಟ್ಟ ಎಯ್ಕಾನ್‌ನನ್ನು ತಿರುಗಿ ನೋಡಿ, ಯಾಕೆ ತಡ ಎಂದು ಕೇಳಿದನಂತೆ. ಎಲೆ ನೋಡುವ ಭರದಲ್ಲಿ ಈ ಮೂರ್ತಿಯನ್ನು ಬಿಟ್ಟು ಬರಬೇಡಿ.

ಬೆಳಕಿನ ಲೆಕ್ಕ ಹೀಗೆ. ನವೆಂಬರ್ ಕೊನೆಗೆ ಕ್ಯೋಟೋದಲ್ಲಿ ಸೂರ್ಯ ಹುಟ್ಟುವುದು ಸುಮಾರು 6:40ಕ್ಕೆ, ಮುಳುಗುವುದು 4:45ರ ಸುಮಾರಿಗೆ. ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ, ಓರೆಯಾಗಿಯೇ ಇರುತ್ತಾನೆ. ಫೋಟೋ ತೆಗೆಯುವವರಿಗೆ ಇದು ದೊಡ್ಡ ವರ. ಎಯ್ಕಾನ್‌ದೋಗೆ ಪೂರ್ವದಲ್ಲಿ ಬೆಟ್ಟ ಅಡ್ಡ ಇರುವುದರಿಂದ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ. ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಬೆಳಕು ನೇರ ಒಳಗೆ ಬೀಳುತ್ತದೆ. ತೋಫುಕುಜಿ ನವೆಂಬರ್‌ನಲ್ಲಿ 8:30ಕ್ಕೆ ಬಾಗಿಲು ತೆರೆಯುತ್ತದೆ, ಬೆಳಗಿನ ಓರೆ ಬಿಸಿಲು ಕಣಿವೆಗೆ ಇಳಿಯುವುದು ನೋಡಲು ಚೆಂದ. ಅಲ್ಲಿಗೆ ಕ್ಯೋಟೋ ಸ್ಟೇಷನ್‌ನಿಂದ ಜೆಆರ್ ನಾರಾ ಲೈನಿನಲ್ಲಿ ಒಂದೇ ಸ್ಟಾಪ್, ಇಳಿದು ಹತ್ತು ನಿಮಿಷ ನಡಿಗೆ. ಹಾಗಾಗಿ ಬೆಳಿಗ್ಗೆಗೆ ತೋಫುಕುಜಿ, ಮಧ್ಯಾಹ್ನಕ್ಕೆ ಎಯ್ಕಾನ್‌ದೋ. ಒಂದನ್ನೇ ಆರಿಸಬೇಕು ಅಂದರೆ? ಕ್ಯಾಮೆರಾ ಹಿಡಿದವರಿಗೆ ಎಯ್ಕಾನ್‌ದೋ ಎನ್ನುತ್ತೇನೆ. ಮನಸ್ಸು ತುಂಬ ನೋಡಿ ಬರಬೇಕು, ಫೋಟೋ ಆಮೇಲೆ ಅನ್ನುವವರಿಗೆ ತೋಫುಕುಜಿ. ಅಲ್ಲಿ 1939ರಲ್ಲಿ ತೋಟಗಳ ವಿನ್ಯಾಸಕಾರ ಶಿಗೆಮೊರಿ ಮಿರೇ ಮಾಡಿದ ತೋಟವೂ ಇದೆ. ಪಾಚಿ ಮತ್ತು ಚೌಕ ಕಲ್ಲುಗಳನ್ನು ಚದುರಂಗದ ಹಾಸಿನ ಹಾಗೆ ಜೋಡಿಸಿ, ದೂರ ಹೋದಂತೆ ಕಲ್ಲುಗಳು ಪಾಚಿಯಲ್ಲಿ ಕರಗಿಹೋಗುವ ಹಾಗೆ ಮಾಡಿದ್ದಾರೆ. ಎಲೆಯ ಅಬ್ಬರದ ನಂತರ ಅಲ್ಲಿ ಕೂತರೆ ಕಣ್ಣಿಗೆ ವಿಶ್ರಾಂತಿ.

ದೂರದ ನೋಟ ಬೇಕಿದ್ದರೆ

ಇಡೀ ಬೆಟ್ಟವೇ ಬಣ್ಣ ತಿರುಗಿದ್ದನ್ನು ನೋಡಬೇಕು ಅನ್ನುವವರಿಗೆ ಅರಾಶಿಯಾಮಾ. ಇಲ್ಲಿ ಬರೀ ಕೆಂಪು ಸಿಗುವುದಿಲ್ಲ. ಪೈನ್ ಮರದ ಹಸಿರು, ಕಾಡುಮರಗಳ ಕಂದು ಹಳದಿ, ನಡುನಡುವೆ ಮೇಪಲ್. ಹೀಗೆ ಬೆರೆತ ಬೆಟ್ಟ, ಮುಂದೆ ನದಿ, ಅದರ ಮೇಲೆ ತೊಗೆತ್ಸುಕ್ಯೋ ಸೇತುವೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಬೆಟ್ಟದ ಮುಖ ಪೂರ್ತಿ ಬೆಳಗುತ್ತದೆ. ಮಧ್ಯಾಹ್ನ ಕಳೆದರೆ ಸೂರ್ಯ ಬೆಟ್ಟದ ಹಿಂದಕ್ಕೆ, ಬೆಟ್ಟ ನೆರಳಿಗೆ. ಆದ್ದರಿಂದ ಅರಾಶಿಯಾಮಾವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಸುಮ್ನೆ ಬೆಳಕು ಕಳೆದುಕೊಂಡಂತೆ. ಏಳು ಗಂಟೆಗೆಲ್ಲ ನದಿ ದಂಡೆಯಲ್ಲಿರಿ. ನದಿಯ ಮೇಲೆ ಮಂಜು ಇರುವ ದಿನವಾದರೆ ಇನ್ನೂ ಒಳ್ಳೆಯದು. 8:30ಕ್ಕೆ ತೆನ್‌ರ್ಯೂಜಿ ದೇವಾಲಯ ತೆರೆಯುತ್ತದೆ. ಮುಸೋ ಸೊಸೆಕಿ ಎಂಬ ಗುರು 14ನೇ ಶತಮಾನದಲ್ಲಿ ಮಾಡಿದ ಕೊಳದ ತೋಟ ಅಲ್ಲಿದೆ. ಹಿಂದಿನ ಬೆಟ್ಟವನ್ನೂ ತೋಟದ ಭಾಗವಾಗಿ ಕಾಣುವ ಹಾಗೆ ಮಾಡಿದ ಜಾಗ ಅದು.

ಕ್ಯೋಟೋ ಸ್ಟೇಷನ್‌ನಿಂದ ಸಾಗಾ-ಅರಾಶಿಯಾಮಾಗೆ ಜೆಆರ್ ರೈಲಿನಲ್ಲಿ ಕಾಲು ಗಂಟೆ ಸಾಕು. ಬಸ್ಸಿನಲ್ಲಿ ಹೋಗಬೇಡಿ, ನವೆಂಬರ್‌ನಲ್ಲಿ ಆ ದಾರಿ ಕಟ್ಟಿಕೊಳ್ಳುತ್ತದೆ. ಸಾಗಾನೋ ಚಿಕ್ಕ ರೈಲು ಹೋಜು ನದಿಯ ಕಣಿವೆಯಲ್ಲಿ 7.3 ಕಿಲೋಮೀಟರ್, ಸುಮಾರು 25 ನಿಮಿಷ ಸಾಗುತ್ತದೆ. ಟಿಕೆಟ್ ಒಂದು ತಿಂಗಳು ಮೊದಲು ಮಾರಾಟಕ್ಕೆ ಬರುತ್ತದೆ, ಎಲೆಯ ಕಾಲದಲ್ಲಿ ಬೇಗ ಮುಗಿಯುತ್ತದೆ. ಅದು ಅನುಭವಕ್ಕೆ ಒಳ್ಳೆಯದು, ಫೋಟೋಗೆ ಅಷ್ಟಕ್ಕಷ್ಟೆ. ಓಡುವ ರೈಲಿನಿಂದ ಒಳ್ಳೆಯ ಫೋಟೋ ಸಿಗುವುದು ಅದೃಷ್ಟ.

ಕಿಯೋಮಿಜು-ದೇರಾ ದೇವಾಲಯ ಇನ್ನೊಂದು ದೂರದ ನೋಟ. ಈಗಿರುವ ಮುಖ್ಯ ಕಟ್ಟಡ 1633ರದು. ಕಣಿವೆಯ ಮೇಲೆ ಚಾಚಿದ ಅದರ ಮರದ ಜಗಲಿಯ ಎತ್ತರ ಸುಮಾರು 13 ಮೀಟರ್. ಅದರ ಕೆಳಗೆ ಮೇಪಲ್ ತುಂಬಿದೆ. ಜಗಲಿಯ ಮೇಲೆ ನಿಂತರೆ ಜಗಲಿ ಕಾಣುವುದಿಲ್ಲ, ಅಲ್ವಾ? ಆದ್ದರಿಂದ ಫೋಟೋಗೆ ಪೂರ್ವದ ಕಡೆಯ ಒಕುನೊಯಿನ್ ಕಟ್ಟಡದ ಮುಂದೆ ನಿಲ್ಲಬೇಕು. ಇದು ಬೆಳಿಗ್ಗೆ 6ಕ್ಕೇ ತೆರೆಯುತ್ತದೆ. ದೊಡ್ಡ ಹೆಸರಿನ ಜಾಗಗಳಲ್ಲಿ ಇಷ್ಟು ಬೇಗ ತೆರೆಯುವುದು ಅಪರೂಪ. ಮೊದಲ ಬಿಸಿಲಿಗೆ ಅಲ್ಲಿದ್ದರೆ ಅಂಗಡಿ ಬೀದಿಗಳೂ ಖಾಲಿ. ಹತ್ತು ಗಂಟೆ ಮೇಲೆ ಆ ಇಳಿಜಾರು ಬೀದಿಯಲ್ಲಿ ನಡೆಯುವುದೇ ಕಷ್ಟ.

ಅರಾಶಿಯಾಮಾ, ಕಿಯೋಮಿಜು ಎರಡಕ್ಕೂ ಬೆಳಗಿನ ಹೊತ್ತೇ ಬೇಕು. ಅದಕ್ಕೇ ಒಂದೇ ದಿನ ಎರಡೂ ಹಾಕಿಕೊಳ್ಳಬಾರದು. ಸಮತಟ್ಟಾದ ನೆಲ, ನದಿ, ನಿಧಾನದ ಅರ್ಧ ದಿನ ಬೇಕಿದ್ದರೆ ಅರಾಶಿಯಾಮಾ. ಬೇಗ ಎದ್ದು ಬೇಗ ಮುಗಿಸಿ ಊರೊಳಗೆ ಬೇರೆ ಕಡೆ ಹೋಗುವ ಯೋಚನೆ ಇದ್ದರೆ ಕಿಯೋಮಿಜು.

ರಾತ್ರಿಯ ದೀಪ

ಎಲೆಯ ಕಾಲದಲ್ಲಿ ಕೆಲವು ದೇವಾಲಯಗಳು ರಾತ್ರಿಯೂ ದೀಪ ಹಾಕಿ ತೆರೆದಿರುತ್ತವೆ. ಒಂದು ರಾತ್ರಿಗೆ ಒಂದೇ ಸಾಕು, ಎರಡು ಬೇಡ.

ನನ್ನ ಆಯ್ಕೆ ಕೊದಾಯ್‌ಜಿ. ಜಪಾನನ್ನು ಒಂದುಗೂಡಿಸಿದ ಸೇನಾನಾಯಕ ಹಿದೆಯೋಶಿಯ ಹೆಂಡತಿ ನೆನೆ, ಗಂಡನ ನೆನಪಿಗೆ 1606ರಲ್ಲಿ ಕಟ್ಟಿಸಿದ್ದು. ಅಲ್ಲಿನ ಗಾರ್ಯೋಚಿ ಕೊಳ ಗಾಳಿಯಿಲ್ಲದ ರಾತ್ರಿ ಕನ್ನಡಿ. ದೀಪ ಬಿದ್ದ ಮೇಪಲ್ ನೀರಿನಲ್ಲಿ ತಲೆಕೆಳಗಾಗಿ ಎಷ್ಟು ಸ್ಪಷ್ಟವಾಗಿ ಮೂಡುತ್ತದೆ ಎಂದರೆ, ದಡ ಎಲ್ಲಿ ಮುಗಿದು ನೀರು ಎಲ್ಲಿ ಶುರು ಎಂದು ಹುಡುಕಬೇಕು. ಎಯ್ಕಾನ್‌ದೋದ ರಾತ್ರಿಯೂ ಚೆಂದ, ಆದರೆ ಹಗಲಿನ ಟಿಕೆಟ್ ಬೇರೆ, ರಾತ್ರಿಯ ಟಿಕೆಟ್ ಬೇರೆ. ನಡುವೆ ಎಲ್ಲರನ್ನೂ ಹೊರಗೆ ಕಳಿಸಿ 5:30ಕ್ಕೆ ಮತ್ತೆ ತೆರೆಯುತ್ತಾರೆ. ಆ ಹೊತ್ತಿಗೆ ಸಾಲು ಉದ್ದ. ಅದರ ಬದಲು ಮುಚ್ಚುವ ಮುಂಚಿನ ಒಂದು ಗಂಟೆ ಹೋದರೆ ಜನ ಕಡಿಮೆ. ಕಿಯೋಮಿಜುವಿನ ರಾತ್ರಿಯಲ್ಲಿ ಆಕಾಶಕ್ಕೆ ಒಂದು ನೀಲಿ ಬೆಳಕಿನ ಗೆರೆ ಬಿಡುತ್ತಾರೆ. ಊರಿನ ದೀಪಗಳೂ ಕಾಣುತ್ತವೆ. ಆದರೆ ಎಲೆಯ ಬಣ್ಣ ನೋಡಲು ನನಗೆ ಅಲ್ಲಿ ಬೆಳಿಗ್ಗೆಯೇ ಹೆಚ್ಚು ಇಷ್ಟ.

ದೇವಾಲಯ ಸಾಕು, ಮಕ್ಕಳಿಗೆ ಬೇಜಾರಾಗಿದೆ ಅನ್ನುವವರಿಗೆ ಎಯ್ಜಾನ್ ರೈಲು. ದೆಮಾಚಿಯಾನಗಿಯಿಂದ ಕುರಾಮಾ ಕಡೆ ಹೋಗುವಾಗ ಇಚಿಹಾರಾ ಮತ್ತು ನಿನೋಸೆ ಸ್ಟೇಷನ್‌ಗಳ ನಡುವೆ ಸುಮಾರು 250 ಮೀಟರ್ ಉದ್ದಕ್ಕೆ ಎರಡೂ ಕಡೆ ಮೇಪಲ್. ರೈಲು ಎಲೆಗಳ ಸುರಂಗದೊಳಗೆ ನುಗ್ಗಿದ ಹಾಗೆ. ಆ ಕಾಲದಲ್ಲಿ ಸಂಜೆ ಅಲ್ಲಿ ದೀಪ ಹಾಕುತ್ತಾರೆ, ರೈಲು ನಿಧಾನವಾಗುತ್ತದೆ, ಬೋಗಿಯೊಳಗಿನ ದೀಪ ಆರಿಸುತ್ತಾರೆ. ಫೋಟೋ ತೆಗೆಯುವುದಾದರೆ ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯಿರಿ, ಪ್ರತಿಬಿಂಬ ಬೀಳುವುದಿಲ್ಲ.

ಕಿಟಕಿ ಚೌಕಟ್ಟಿನ ಚಿತ್ರಗಳು

ಮೊಬೈಲಿನಲ್ಲಿ ಓಡಾಡುವ ಒಂದು ಫೋಟೋ ನೀವೂ ನೋಡಿರುತ್ತೀರಿ: ಹೊಳೆಯುವ ಕಪ್ಪು ಮೇಜಿನ ಮೇಲೆ ಹೊರಗಿನ ಕೆಂಪೆಲೆಯೆಲ್ಲ ಪ್ರತಿಫಲಿಸಿರುವುದು. ಅದು ರುರಿಕೋಯಿನ್ ದೇವಾಲಯ. ಎಯ್ಜಾನ್ ರೈಲಿನ ಯಾಸೆ-ಹಿಯೆಯ್‌ಜಾನ್‌ಗುಚಿ ಸ್ಟೇಷನ್‌ನಿಂದ ಐದಾರು ನಿಮಿಷ ನಡಿಗೆ. ವರ್ಷದಲ್ಲಿ ಕೆಲವು ಕಾಲ ಮಾತ್ರ ತೆರೆಯುತ್ತದೆ. ಪ್ರವೇಶ 2000 ಯೆನ್, ಬೇರೆ ಕಡೆಗಿಂತ ದುಬಾರಿ, ಶರತ್ಕಾಲದಲ್ಲಿ ಮುಂಚೆಯೇ ಬುಕ್ ಮಾಡಬೇಕು. ಮೇಜಿನ ಸುತ್ತ ಜನ ಬಗ್ಗಿ ನಿಂತಿರುತ್ತಾರೆ, ನಿಮ್ಮ ಸರದಿಗೆ ಕಾಯಬೇಕು. ಅದೇ ಫೋಟೋ ಬೇಕೇಬೇಕು ಅನ್ನುವವರಿಗೆ ಬೇರೆ ದಾರಿಯಿಲ್ಲ, ಹೋಗಿ.

ಹಾಗೆ ಹಟವಿಲ್ಲದಿದ್ದರೆ ಓಹಾರಾದ ಹೋಸೆನ್‌ಯಿನ್ ನನಗೆ ಹೆಚ್ಚು ಪ್ರಿಯ. ಅಲ್ಲಿ ಕೋಣೆಯ ಕಂಬಗಳೇ ಚೌಕಟ್ಟು. ಚಾಪೆ ಮೇಲೆ ಹಿಂದಕ್ಕೆ ಸರಿದು ಕೂತರೆ ತೋಟ ಒಂದು ಚಿತ್ರದ ಹಾಗೆ ಕಾಣುತ್ತದೆ. ಸುಮಾರು 700 ವರ್ಷದ ಪೈನ್ ಮರವೂ ಇದೆ. ಟಿಕೆಟ್ ಜೊತೆ ಹಸಿರು ಚಹಾ ಕೊಡುತ್ತಾರೆ. ಯಾರೂ ಎಬ್ಬಿಸುವುದಿಲ್ಲ. ಊರ ವಾಯವ್ಯದ ಗೆಂಕೋಆನ್‌ನಲ್ಲಿ ಒಂದು ದುಂಡು ಕಿಟಕಿ, ಪಕ್ಕದಲ್ಲಿ ಒಂದು ಚೌಕ ಕಿಟಕಿ. ದುಂಡನೆಯದು ಅರಿವು, ಚೌಕದ್ದು ಗೊಂದಲ ಎಂದು ಹೇಳುತ್ತಾರೆ. ಎರಡರಾಚೆಯೂ ಅದೇ ಎಲೆ.

ಇಂಥ ಕೋಣೆಯ ಫೋಟೋಗಳಲ್ಲಿ ಒಂದೇ ತಂತ್ರ: ಹೊರಗಿನ ಎಲೆಗೆ ಬೆಳಕು ಸರಿ ಮಾಡಿಕೊಳ್ಳಿ, ಕೋಣೆ ಕಪ್ಪಾಗಲಿ ಬಿಡಿ. ಮೊಬೈಲಿನಲ್ಲಿ ಎಲೆಯ ಮೇಲೆ ಬೆರಳು ಒತ್ತಿ ಹಿಡಿದು, ಬೆಳಕನ್ನು ಕೆಳಗೆಳೆಯಿರಿ. ಕೂತೇ ತೆಗೆಯಿರಿ, ಆ ಕೋಣೆಗಳನ್ನು ಮಾಡಿರುವುದೇ ಕೂತವರ ಕಣ್ಣಿನ ಎತ್ತರಕ್ಕೆ.

ಕಾಸಿಲ್ಲದೆ, ಗದ್ದಲವಿಲ್ಲದೆ

ಕ್ಯೋಟೋ ಗ್ಯೋಎನ್, ಹಳೆಯ ಅರಮನೆಯ ಸುತ್ತಲಿನ ಉದ್ಯಾನ, ದೊಡ್ಡದು, ಸಮತಟ್ಟು, ಉಚಿತ. ಗಿಂಕ್ಗೋ ಮರದಡಿ ನೆಲವೆಲ್ಲ ಹಳದಿ. ವಯಸ್ಸಾದ ಅಪ್ಪ ಅಮ್ಮನ ಜೊತೆ, ಮಗುವಿನ ತಳ್ಳುಗಾಡಿ ಜೊತೆ ಹೋದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕ್ಯೋಟೋ ಸ್ಟೇಷನ್‌ಗೆ ಹತ್ತಿರದ ನಿಶಿ ಹೊಂಗಾನ್‌ಜಿಯಲ್ಲಿ ಒಂದು ದೊಡ್ಡ ಗಿಂಕ್ಗೋ ಇದೆ. ಬೇರು ಮೇಲೆ ಮಾಡಿ ನೆಟ್ಟ ಹಾಗೆ ಕೊಂಬೆಗಳು ಅಗಲಕ್ಕೆ ಚಾಚಿವೆ. ಬೆಂಕಿ ಬಿದ್ದಾಗ ಆ ಮರ ನೀರು ಚಿಮ್ಮಿಸಿ ದೇವಾಲಯ ಉಳಿಸಿತು ಎಂದು ಜನ ಹೇಳುತ್ತಾರೆ. ಅಲ್ಲಿಗೂ ಟಿಕೆಟ್ ಇಲ್ಲ.

ನಾನ್‌ಜೆನ್‌ಜಿಯ ಅಂಗಳವೂ ಉಚಿತ. ಎಯ್ಕಾನ್‌ದೋಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ದೊಡ್ಡ ಬಾಗಿಲಿನ ಕಂಬಗಳ ನಡುವೆ ಕೆಂಪೆಲೆ, ಹಿಂದೆ ಇಟ್ಟಿಗೆ ಕಮಾನುಗಳ ಮೇಲೆ ನೀರು ಹರಿಯುವ ಸುಯ್‌ರೋಕಾಕು. ಬಿವಾ ಸರೋವರದ ನೀರನ್ನು ಊರಿಗೆ ತರುವ ಕಾಲುವೆಗಾಗಿ 1888ರಲ್ಲಿ ಕಟ್ಟಿದ್ದು. ಹಳೆ ಇಟ್ಟಿಗೆಯ ಕೆಂಪಿನ ಮುಂದೆ ಎಲೆಯ ಕೆಂಪು ಎಷ್ಟು ಬೇರೆ ಎಂದು ಅಲ್ಲಿ ಗೊತ್ತಾಗುತ್ತದೆ. ಕೆಆಗೆ ಮೆಟ್ರೋ ಸ್ಟೇಷನ್‌ನಿಂದ ನಡೆದು ಬನ್ನಿ.

ತಡವಾಗಿ ಹೋದವರಿಗೆ ಒಂದು ಸಮಾಧಾನದ ಜಾಗ ಬಿಶಾಮೊನ್‌ದೋ. ಕ್ಯೋಟೋದಿಂದ ಒಂದೇ ಸ್ಟಾಪ್ ಆಚೆ ಯಾಮಾಶಿನಾ ಸ್ಟೇಷನ್, ಅಲ್ಲಿಂದ 20 ನಿಮಿಷ ಏರು ನಡಿಗೆ. ಉದುರಿದ ಎಲೆ ಇಳಿಜಾರಿನ ಮೆಟ್ಟಿಲ ಮೇಲೆ ಕೆಂಪಾಗಿ ಹಾಸಿರುತ್ತದೆ. ಅದರ ಮೇಲೆ ಕಾಲಿಡಬಾರದು, ಪಕ್ಕದ ದಾರಿಯಿಂದ ನೋಡಬೇಕು. ಮರದಲ್ಲಿ ಎಲೆ ಮುಗಿದಿದೆ ಎಂದು ಕೊರಗುವವರನ್ನು ಇಲ್ಲಿಗೆ ಕಳಿಸಬೇಕು.

ಕ್ಯಾಮೆರಾ, ಮೊಬೈಲ್, ಟ್ರೈಪಾಡ್

ಟ್ರೈಪಾಡ್ ಮನೆಯಲ್ಲೇ ಬಿಡಿ. ಹೆಸರಾದ ದೇವಾಲಯಗಳಲ್ಲಿ ಬಹುತೇಕ ಎಲ್ಲೂ ಬಿಡುವುದಿಲ್ಲ. ಸೆಲ್ಫಿ ಕೋಲಿಗೂ ಅದೇ ಮಾತು. ರಾತ್ರಿ ಕಂಬಕ್ಕೆ ಭುಜ ಆನಿಸಿ, ಉಸಿರು ಹಿಡಿದು ತೆಗೆಯಿರಿ. ಎಫ್ 1.8 ಅಥವಾ 2.8ರಷ್ಟು ಅಗಲಕ್ಕೆ ತೆರೆಯುವ ಲೆನ್ಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇಟ್ಟರೆ ಕೈಯಲ್ಲೇ ಸಾಧ್ಯ.

ಒಂದೇ ಒಂದು ಸಾಮಾನು ಹೆಚ್ಚಿಗೆ ಒಯ್ಯುವುದಾದರೆ ಪೋಲರೈಸರ್ ಫಿಲ್ಟರ್. ಎಲೆಯ ಮೇಲಿನ ಬಿಳಿ ಹೊಳಪು ತೆಗೆದು ನಿಜವಾದ ಬಣ್ಣ ತೋರಿಸುತ್ತದೆ. ಮಳೆ ಬಂದ ಮೇಲೆ ಇದರ ಕೆಲಸ ನೋಡಬೇಕು. ಮಳೆ ದಿನ ಹಾಳಾಯಿತು ಎಂದು ಹೋಟೆಲಿನಲ್ಲಿ ಕೂರಬೇಡಿ. ಒದ್ದೆ ಕಾಂಡ ಕಪ್ಪಾಗಿ, ಪಾಚಿ ಹಸಿರಾಗಿ, ಎಲೆ ಇನ್ನೂ ಗಾಢವಾಗಿ ಕಾಣುತ್ತದೆ, ಜನವೂ ಕಡಿಮೆ. ಕೊಳದ ಪ್ರತಿಬಿಂಬ ತೆಗೆಯುವಾಗ ಮಾತ್ರ ಫಿಲ್ಟರನ್ನು ನೋಡಿಕೊಂಡು ತಿರುಗಿಸಿ, ಇಲ್ಲದಿದ್ದರೆ ಪ್ರತಿಬಿಂಬವನ್ನೇ ಅಳಿಸಿಬಿಡುತ್ತದೆ. ರಾತ್ರಿ ಅದನ್ನು ತೆಗೆದಿಡಿ.

ಕೆಂಪು ಬಣ್ಣ ಕ್ಯಾಮೆರಾಗೆ ಕಷ್ಟದ ಬಣ್ಣ. ಉಳಿದದ್ದೆಲ್ಲ ಸರಿಯಿದ್ದರೂ ಕೆಂಪು ಮಾತ್ರ ಉಕ್ಕಿ, ಎಲೆಯ ಗೆರೆಗಳೇ ಕಾಣದ ಹಾಗೆ ಒಂದೇ ಮುದ್ದೆಯಾಗುತ್ತದೆ. ಅರ್ಧ ಸ್ಟಾಪ್ (ಕ್ಯಾಮೆರಾದಲ್ಲಿ ಬೆಳಕಿನ ಅಳತೆ) ಕಡಿಮೆ ಬೆಳಕಿನಲ್ಲಿ ತೆಗೆದರೆ ಗೆರೆಗಳು ಉಳಿಯುತ್ತವೆ. ಎಲೆಯ ಹಿಂದೆ ಸೂರ್ಯ ಇರುವಾಗ ಮಾತ್ರ ಹೀಗೆ ಮಾಡಬೇಡಿ, ಆಗ ಸ್ವಲ್ಪ ಹೆಚ್ಚೇ ಬೇಕು. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣ ಸರಿದೂಗಿಸುವ ಸೆಟ್ಟಿಂಗ್, ಆಟೋದಲ್ಲಿಟ್ಟರೆ ಕ್ಯಾಮೆರಾ ಬೆಚ್ಚಗಿನ ಬಣ್ಣವನ್ನು ಸರಿಪಡಿಸಲು ಹೋಗಿ ತಣ್ಣಗೆ ಮಾಡುತ್ತದೆ. ಬಿಸಿಲಿನ ಗುರುತಿಗೆ ಇಡಿ. ಮೊಬೈಲಿನಲ್ಲಿ ಬಣ್ಣ ಹೆಚ್ಚಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಕ್ಯೋಟೋದ ಎಲೆಗೆ ಯಾರೂ ಬಣ್ಣ ಬಳಿಯಬೇಕಿಲ್ಲ.

ವಿಶಾಲ ಲೆನ್ಸಿಗೆ ಜನವೂ ಸಿಗುತ್ತಾರೆ, ಬೋರ್ಡುಗಳೂ ಸಿಗುತ್ತವೆ. 70ರಿಂದ 200 ಎಂಎಂ ಲೆನ್ಸ್ ಅಥವಾ ಮೊಬೈಲಿನ ಎರಡು ಮೂರು ಪಟ್ಟು ಜೂಮ್ ಹಾಕಿ, ಒಂದು ಕೊಂಬೆ, ಹಿಂದೆ ಚಾವಣಿಯ ಅಂಚು, ಅಷ್ಟನ್ನೇ ಹಿಡಿಯಿರಿ. ಗೇಯ್ಶಾಗಳ (ಹಾಡು, ಕುಣಿತದ ಸಾಂಪ್ರದಾಯಿಕ ಕಲಾವಿದೆಯರ) ಹಳೆಯ ಬಡಾವಣೆ ಗಿಯೋನ್ ಕಡೆ ಹೋದರೆ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆಯುವಂತಿಲ್ಲ, 10,000 ಯೆನ್ ದಂಡದ ಬೋರ್ಡ್ ಇದೆ. ಗೇಯ್ಶಾಗಳ ದಾರಿಗೆ ಅಡ್ಡ ನಿಂತು ಫೋಟೋ ಕೇಳುವುದು ಅವರಿಗೆ ತುಂಬ ಹಿಂಸೆ. ದಯವಿಟ್ಟು ಬೇಡ.

ಉಳಿಯೋದು, ಓಡಾಡೋದು, ಊಟ

ಬೆಂಗಳೂರಿನಿಂದ ತೋಕ್ಯೋದ ನರಿತಾಗೆ ನೇರ ವಿಮಾನವಿದೆ, ಅಲ್ಲಿಂದ ಶಿಂಕಾನ್ಸೆನ್ (ಬುಲೆಟ್ ರೈಲು) ಹಿಡಿಯಬೇಕು. ಸಿಂಗಾಪುರ ಅಥವಾ ಬ್ಯಾಂಕಾಕ್ ಮೇಲೆ ಒಸಾಕಾದ ಕಾನ್ಸಾಯ್‌ಗೆ ಇಳಿದರೆ ಹರುಕಾ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಗೆ ಕ್ಯೋಟೋ. ಎಲೆಗಾಗಿಯೇ ಹೋಗುವವರಿಗೆ ಎರಡನೆಯದೇ ಸಲೀಸು.

ನವೆಂಬರ್‌ನಲ್ಲಿ ಕ್ಯೋಟೋದ ಹೋಟೆಲು ದುಬಾರಿ. ಹಲವರು ಒಸಾಕಾದಲ್ಲಿ ಉಳಿಯುತ್ತಾರೆ, ಜೆಆರ್ ವೇಗದ ರೈಲಿನಲ್ಲಿ ಅರ್ಧ ಗಂಟೆ. ನಾನು ಹೇಳುವುದು ಓತ್ಸು. ಬಿವಾ ಸರೋವರದ ದಂಡೆಯ ಊರು, ಕ್ಯೋಟೋದಿಂದ ರೈಲಿನಲ್ಲಿ ಹತ್ತೇ ನಿಮಿಷ. ಬೆಳಿಗ್ಗೆ ಬೇಗ ತಲುಪುವುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದರಿಂದ ಆ ಇಪ್ಪತ್ತು ನಿಮಿಷದ ಉಳಿತಾಯ ದೊಡ್ಡದು. ಮೆಟ್ರೋ ಮತ್ತು ಬಸ್ ಸೇರಿದ ದಿನದ ಪಾಸ್ 1100 ಯೆನ್. ಬರೀ ಬಸ್ಸಿನ ಹಳೆಯ ಪಾಸ್ ಈಗ ಇಲ್ಲ. ರೈಲು ಹೋಗುವ ಕಡೆಗೆಲ್ಲ ರೈಲಿನಲ್ಲೇ ಹೋಗಿ.

ದೇವಾಲಯದೊಳಗೆ ಚಪ್ಪಲಿ ಬಿಡಬೇಕು, ಮರದ ನೆಲ ಹಿಮದಂತೆ ತಣ್ಣಗಿರುತ್ತದೆ. ದಪ್ಪ ಸಾಕ್ಸ್, ಸುಲಭವಾಗಿ ಕಳಚುವ ಶೂ ಬೇಕು. ಸಸ್ಯಾಹಾರಿಗಳಿಗೆ ನಾನ್‌ಜೆನ್‌ಜಿ ಸುತ್ತಲಿನ ಯುದೋಫು, ಅಂದರೆ ಕಡಲ ಸೊಪ್ಪಿನ ಬಿಸಿನೀರಿನಲ್ಲಿ ಬೇಯಿಸಿದ ತೋಫು, ಒಳ್ಳೆಯ ಊಟ. ಅದ್ದಿಕೊಳ್ಳುವ ಸಾಸಿನಲ್ಲಿ ಮೀನಿನ ಸಾರ ಇರಬಹುದು, ಕೇಳಿಯೇ ತಿನ್ನಿ. ಬೌದ್ಧ ಮಠಗಳ ಶೋಜಿನ್ ಊಟದಲ್ಲಿ ಮೀನು ಮಾಂಸ ಹಾಕುವುದಿಲ್ಲ.

ಕೈಯಲ್ಲಿ ಒಂದೇ ದಿನ ಇದೆಯಾ? ನವೆಂಬರ್ ಕೊನೆಯಾದರೆ ಹೀಗೆ ಮಾಡಿ. 8:30ಕ್ಕೆ ತೋಫುಕುಜಿ, ಹತ್ತೂವರೆಗೆ ಹೊರಗೆ ಬನ್ನಿ. ಕೆಯ್‌ಹಾನ್ ರೈಲಿನಲ್ಲಿ ಸಾಂಜೋ, ಅಲ್ಲಿ ಮೆಟ್ರೋ ಬದಲಿಸಿ ಕೆಆಗೆ. ನಾನ್‌ಜೆನ್‌ಜಿಯ ಅಂಗಳ, ಪಕ್ಕದಲ್ಲೇ ತೋಫು ಊಟ, ಒಂದೂವರೆಯಿಂದ ಎಯ್ಕಾನ್‌ದೋ. ಕತ್ತಲಾದ ಮೇಲೆ ಶಕ್ತಿ ಉಳಿದಿದ್ದರೆ ಕೊದಾಯ್‌ಜಿ. ವಯಸ್ಸಾದವರು ಜೊತೆಗಿದ್ದರೆ ತೋಫುಕುಜಿಯ ಬದಲು ಬೆಳಿಗ್ಗೆ ಗ್ಯೋಎನ್ ಇಟ್ಟುಕೊಳ್ಳಿ, ಕೊದಾಯ್‌ಜಿ ಬಿಡಿ. ಡಿಸೆಂಬರ್ ಮೊದಲ ವಾರವಾದರೆ ಬೆಳಿಗ್ಗೆ ಬಿಶಾಮೊನ್‌ದೋ, ಮಧ್ಯಾಹ್ನ ಶಿಮೊಗಾಮೊ ಕಾಡು.